ಆರ್ಲೊ ಮುಟ್ಟಿದ ಆರು ಡಬ್ಬಿ

ಮನುಷ್ಯನಿಗೆ ಹಲ್ಲುನೋವು ಬರಬಾರದು. ಬಂದರೂ ದಂತವೈದ್ಯರ ಬಾಗಿಲಲ್ಲಿ ಕಾಯುತ್ತ ಕೂತಾಗ ಅಲ್ಲಿರುವ ಹಳೇ ಪತ್ರಿಕೆಗಳನ್ನು ಮುಟ್ಟಬಾರದು. ಮುಟ್ಟಿದರೂ ಓದಿದ್ದನ್ನು ಮಾವನ ಮನೆಯ ಊಟದ ಮೇಜಿನಲ್ಲಿ ಒದರಬಾರದು. ಮೊಂಟಾನಾದ ಸೇಜ್ ಕ್ರಾಸಿಂಗ್ ಎಂಬ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವ ಆರ್ಲೊ ಬ್ರಾಟನ್ ಒಂದೇ ವಾರದಲ್ಲಿ ಈ ಮೂರನ್ನೂ ಮಾಡಿ ಮುಗಿಸಿದ.

ಪತ್ರಿಕೆ ಬೇಟೆಗಾರರದು. ತೋಟಾಗಳನ್ನು ಅಂಗಡಿಯಿಂದ ತರದೆ, ಹಾರಿಸಿದ ಖಾಲಿ ಚಿಪ್ಪುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಸಿಕೊಳ್ಳುವವರಿಗಾಗಿ ಬರೆದ ಲೇಖನ. 'ನಿಮ್ಮ ಮನೆಯ ಎಲ್ಲ ರೈಫಲ್ಲಿಗೂ ಒಂದೇ ಮದ್ದು ಸಾಕು' ಎಂದು ದಪ್ಪಕ್ಷರದ ತಲೆಬರಹ. ಒಬ್ಬೊಬ್ಬರ ಕಪಾಟಿನಲ್ಲಿ ಹತ್ತು ಹನ್ನೆರಡು ಬಗೆಯ ಮದ್ದಿನ ಡಬ್ಬಿ ಯಾತಕ್ಕೆ ಎಂದು ಲೇಖಕ ಎರಡು ಪುಟ ಬೈದು, ಕೊನೆಗೆ 'ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಆ ಒಂದು ಮದ್ದು ಯಾವುದೆಂದರೆ' ಎಂದು ಬರೆದು, ಉಳಿದದ್ದು ಅರವತ್ತನಾಲ್ಕನೇ ಪುಟದಲ್ಲಿ ಎಂದಿದ್ದ. ಅರವತ್ತನಾಲ್ಕನೇ ಪುಟ ಇರಲಿಲ್ಲ. ಅದರ ಹಿಂಬದಿಯಲ್ಲಿ ಜಿಂಕೆಮಾಂಸದ ಸಾರಿನ ವಿಧಾನ ಇತ್ತೋ ಏನೋ, ಯಾರೋ ಪುಣ್ಯಾತ್ಗಿತ್ತಿ ಹರಿದುಕೊಂಡು ಹೋಗಿದ್ದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಆರ್ಲೊ ಹಲ್ಲು ಕೀಳಿಸಿಕೊಂಡ, ವಿಷಯ ಮಾತ್ರ ಬಾಯಲ್ಲೇ ಉಳಿಯಿತು.

ಭಾನುವಾರ ಚರ್ಚು ಮುಗಿಸಿ ಎಲ್ಲರೂ ಮಾವ ಹಾಲ್ವರನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹಾಲ್ವರನಿಗೆ ಎಪ್ಪತ್ತೊಂಬತ್ತು. ಪ್ರತಿ ಅಕ್ಟೋಬರಿನಲ್ಲಿ ಮನೆಯವರೆಲ್ಲ ಬೆಟ್ಟದ ಮೇಲೆ ಡೇರೆ ಹಾಕಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾರಲ್ಲ, ಆ ಡೇರೆಯ ನಾಲ್ಕು ರೈಫಲ್ಲಿಗೂ ನಲವತ್ತು ವರ್ಷದಿಂದ ತೋಟಾ ತುಂಬಿಸುತ್ತಿದ್ದವನು ಅವನೇ. ನಾಲ್ಕೂ ಬೇರೆ ಬೇರೆ ಅಳತೆಯವು, ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ಗ್ಯಾರೇಜಿನಲ್ಲಿ ಅವನ ಮರದ ಮೇಜು, ಚಿಪ್ಪಿಗೆ ಗುಂಡು ಒತ್ತಿ ಕೂರಿಸುವ ಕೈಹಿಡಿಯ ಪ್ರೆಸ್ಸು, ಮದ್ದು ತೂಗುವ ಸಣ್ಣ ತಕ್ಕಡಿ. ಆ ಮೇಜಿನ ಹತ್ತಿರ ಹೋಗುವಾಗ ಗಂಡಸರು ಟೋಪಿ ತೆಗೆಯುತ್ತಿದ್ದರು.

"ಈ ವರ್ಷದಿಂದ ನನ್ನ ಕೈಲಾಗಲ್ಲ," ಎಂದ ಹಾಲ್ವರ್ ಹಿಸುಕಿದ ಆಲೂಗಡ್ಡೆಯ ಮೇಲೆ ಸಾರು ಸುರಿದುಕೊಳ್ಳುತ್ತ. "ಯಾರಾದ್ರೂ ಮುಂದೆ ಬನ್ನಿ. ಯಾರು ತುಂಬಿಸ್ತಾರೋ ಮೇಜು ಅವರದ್ದೇ."

ಅವನ ಮಗ ಡ್ವೇನ್ ಫೋರ್ಕು ಕೆಳಗಿಟ್ಟ. ಡ್ವೇನ್ ಎಂದರೆ ಆರ್ಲೊನ ಹೆಂಡತಿ ಲವಾನಳ ತಮ್ಮ. ಟ್ರ್ಯಾಕ್ಟರ್ ಮಾರುವುದು ಅವನ ಉದ್ಯೋಗ, ಬುದ್ಧಿ ಹೇಳುವುದು ಹುಟ್ಟುಗುಣ. "ಅಪ್ಪ, ಅದರಲ್ಲಿ ಕೇಳೋದೇನಿದೆ? ನನ್ನ ಹತ್ರ ಆರು ಥರದ ಮದ್ದು ಇದೆ. ಸಣ್ಣ ಚಿಪ್ಪಿಗೆ ಬೇಗ ಉರಿಯೋದು ಬೇಕು, ದೊಡ್ಡ ಚಿಪ್ಪಿಗೆ ನಿಧಾನಕ್ಕೆ ಉರಿಯೋದು ಬೇಕು. ಕೆಲವು ಚಳಿಗೆ ಸೋಮಾರಿ ಬೀಳ್ತವೆ, ಕೆಲವು ಬಿಸಿಲಿಗೆ ತಲೆ ಕೆಡಿಸಿಕೊಳ್ತವೆ. ಎಲ್ಲಾ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಟ್ಟಿದ್ದೀನಿ. ಇದು ಎಲ್ಲರ ಕೈಲಾಗೋ ಕೆಲಸ ಅಲ್ಲ." ಎಂದು ಹೇಳಿ, 'ಎಲ್ಲರ' ಎನ್ನುವಾಗ ಸುಮ್ಮನೆ ಭಾವನ ಕಡೆ ನೋಡಿದ. "ಭಾವ, ಆ ಬೀನ್ಸ್ ಸ್ವಲ್ಪ ಈಕಡೆ ಕೊಡು."

ಹತ್ತೊಂಬತ್ತು ವರ್ಷದಿಂದ ಆರ್ಲೊ ಆ ಬೇಟೆಯ ಡೇರೆಗೆ ಹೋಗುತ್ತಿದ್ದ. ಹತ್ತೊಂಬತ್ತು ವರ್ಷವೂ ಪಾತ್ರೆ ತೊಳೆದಿದ್ದ. ಒಮ್ಮೆಯಾದರೂ ಆ ಮುದುಕ ತನ್ನ ಕೈಗೆ ಪಾತ್ರೆ ಒರೆಸುವ ಬಟ್ಟೆಯ ಬದಲು ಇನ್ನೇನಾದರೂ ಕೊಡಲಿ ಎಂಬುದು ಅವನ ಜೀವಮಾನದ ಆಸೆ. ಬೀನ್ಸಿನ ಬಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು.

"ಆರು ಯಾತಕ್ಕೆ?" ಎಂದ ಆರ್ಲೊ. "ನಾಲ್ಕು ರೈಫಲ್ಲಿಗೂ ಒಂದೇ ಮದ್ದು ಸಾಕು."

ಮೇಜಿನ ಸುತ್ತ ಅಗಿಯುವುದು ನಿಂತಿತು. ಲವಾನ್ ಗಂಡನ ಕಾಲು ತುಳಿದಳು. ಆರ್ಲೊನಿಗೆ ಅದು ಪ್ರೋತ್ಸಾಹವೆಂದು ತೋರಿತು.

"ಯಾವುದು?" ಎಂದ ಹಾಲ್ವರ್.

ಇಲ್ಲಿ 'ಗೊತ್ತಿಲ್ಲ, ಪುಟ ಹರಿದಿತ್ತು' ಎಂದಿದ್ದರೆ ಈ ಕಥೆಗೂ ನಮಗೂ ಸಂಬಂಧವೇ ಇರುತ್ತಿರಲಿಲ್ಲ. ಆರ್ಲೊ ಬೀನ್ಸನ್ನು ನೋಡಿದ, ಕಿಟಕಿಯನ್ನು ನೋಡಿದ, ಆಮೇಲೆ ತುಂಬ ಯೋಚಿಸಿದವನ ಹಾಗೆ, "ಶನಿವಾರ ಹೇಳ್ತೀನಿ ಮಾವ. ಕೆಲವು ವಿಷಯ ಊಟದ ಹೊತ್ತಿನಲ್ಲಿ ಮಾತಾಡೋದಲ್ಲ," ಎಂದ.

ಮನೆಗೆ ಬರುವಾಗ ಕಾರಿನಲ್ಲಿ ಲವಾನ್ ಕೇಳಿದಳು: "ಆರ್ಲೊ, ನಿಂಗೆ ಮದ್ದಿನ ವಿಷಯ ಏನು ಗೊತ್ತು?"

"ಕಪ್ಪಗಿರತ್ತೆ."

"ಮತ್ತೆ?"

"ಅಷ್ಟೇ."

"ಸರಿ ಹೋಯ್ತು," ಎಂದಳು ಲವಾನ್.

ಸೋಮವಾರ ಡ್ವೇನ್ ಕಾಫಿ ಅಂಗಡಿಯಲ್ಲಿ ಭಾವನ ಮಾತನ್ನು ಗೇಲಿ ಮಾಡಿ ಹೇಳಿದ. ನಗಲಿ ಎಂದು ಹೇಳಿದ್ದು, ಆದರೆ ಯಾರೂ ನಗಲಿಲ್ಲ. ಸೇಜ್ ಕ್ರಾಸಿಂಗಿನ ಜನಕ್ಕೆ ಒಂದು ಭಯ ಸದಾ ಇರುತ್ತದೆ: ಮದ್ದು ಸಿಗದೆ ಹೋದರೆ? ಕೆಲವು ವರ್ಷ ಅಂಗಡಿಯ ಶೆಲ್ಫು ತಿಂಗಳುಗಟ್ಟಲೆ ಖಾಲಿ ಬಿದ್ದದ್ದನ್ನು ಅವರು ಕಂಡವರು. ಆದ್ದರಿಂದ ಯಾರಿಗೆ ಏನು ಗೊತ್ತು ಎಂಬುದರ ಮೇಲೆ ಎಲ್ಲರಿಗೂ ಕಣ್ಣು.

"ಆರ್ಲೊ ಹಂಗೆಲ್ಲ ಮಾತಾಡೋನಲ್ಲ," ಎಂದ ಮರ್ಲ್. ಮರ್ಲ್ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ. "ಮೂವತ್ತು ವರ್ಷ ಬಸ್ಸು ಓಡಿಸಿದ್ದಾನೆ, ಹಾರ್ನ್ ಹೊಡೆದದ್ದು ಕೇಳಿಲ್ಲ. ಅಂಥೋನು ಬಾಯಿಬಿಟ್ಟಿದ್ದಾನೆ ಅಂದ್ರೆ ಏನೋ ಇದೆ."

ಮಂಗಳವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗಿಳಿಸಿ ಆರ್ಲೊ ಡೆಲ್ಲಾಳ ಹಾರ್ಡ್‌ವೇರ್ ಅಂಗಡಿಗೆ ಹೋದ. ಡಬ್ಬಿಗಳ ಮೇಲೆ ಏನಾದರೂ ಬರೆದಿರುತ್ತದೆ, 'ಎಲ್ಲಕ್ಕೂ ಆಗುತ್ತದೆ' ಎಂದೋ 'ಮಾವನವರಿಗೆ ಮೆಚ್ಚುಗೆಯಾಗುತ್ತದೆ' ಎಂದೋ, ಓದಿದರಾಯಿತು ಎಂಬುದು ಅವನ ಯೋಜನೆ. ಓದುವ ಕನ್ನಡಕ ಬಸ್ಸಿನಲ್ಲೇ ಉಳಿದಿತ್ತು.

ಅಂಗಡಿಯಲ್ಲಿ ಆ ಹೊತ್ತಿಗೆ ಎಂದೂ ಇಲ್ಲದಷ್ಟು ಗಂಡಸರಿದ್ದರು. ಒಬ್ಬ ಮೊಳೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮರ್ಲ್ ಬಾಗಿಲ ಚಿಲಕವೊಂದನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದ. ಡ್ವೇನ್ ಬಣ್ಣದ ಡಬ್ಬಿಗಳ ಹಿಂದೆ ಬಗ್ಗಿ ನಿಂತಿದ್ದ. ಎಲ್ಲರ ಬೆನ್ನೂ ಆರ್ಲೊನ ಕಡೆ, ಎಲ್ಲರ ಕಿವಿಯೂ ಅವನ ಕಡೆ.

"ಏನು ಬೇಕಿತ್ತು ಆರ್ಲೊ?" ಎಂದಳು ಡೆಲ್ಲಾ.

"ಸುಮ್ನೆ ನೋಡೋಣ ಅಂತ."

ಮದ್ದಿನ ಶೆಲ್ಫಿನಲ್ಲಿ ಆರು ಬಗೆಯ ಡಬ್ಬಿಗಳಿದ್ದವು. ಆರ್ಲೊ ಮೊದಲನೆಯದನ್ನು ತೆಗೆದು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿದ. ಏನೂ ಕಾಣಲಿಲ್ಲ. ತಲೆಯಾಡಿಸಿ ಮತ್ತೆ ಇಟ್ಟ. ಎರಡನೆಯದನ್ನು ತೆಗೆದ. ಒಂದು ಸಲ ಅಲ್ಲಾಡಿಸಿದ, ಯಾಕೆಂದು ಅವನಿಗೇ ತಿಳಿಯದು. "ಹೂಂ," ಎಂದ. ಹೀಗೆ ಆರನ್ನೂ ಎತ್ತಿ, ಆರನ್ನೂ ಇಳಿಸಿ, ಯಾವುದನ್ನೂ ತೆಗೆದುಕೊಳ್ಳದೆ ಪಕ್ಕದ ಸಾಲಿಗೆ ಹೋದ. ಅಲ್ಲಿ ಹಕ್ಕಿಗಳಿಗೆ ಹಾಕುವ ಕಾಳಿನ ಚೀಲವಿತ್ತು. ಮುಜುಗರಕ್ಕೆ ಅದನ್ನೂ ತಟ್ಟಿ ನೋಡಿದ. ಬರಿಗೈಲಿ ಹೋಗಬಾರದಲ್ಲ ಎಂದು ಕೊನೆಗೆ ಒಂದು ಇಲಿಬೋನು ಕೊಂಡುಕೊಂಡು ಹೋದ.

ಬಾಗಿಲ ಗಂಟೆ ಇನ್ನೂ ಅಲ್ಲಾಡುತ್ತಿತ್ತು, ಅಷ್ಟರಲ್ಲಿ ಮೊಳೆ ನೋಡುತ್ತಿದ್ದವನು ಮೊದಲನೆಯ ಡಬ್ಬಿಯ ಮೇಲೆ ಕೈ ಹಾಕಿದ. ಮರ್ಲ್ ಎರಡು ಹಿಡಿದ. ಮಧ್ಯಾಹ್ನದ ಹೊತ್ತಿಗೆ ಪಕ್ಕದೂರಿನಿಂದಲೂ ಪಿಕಪ್ ಗಾಡಿಗಳು ಬಂದವು. ಸಂಜೆಗೆ ಶೆಲ್ಫಿನಲ್ಲಿ ಧೂಳು ಬಿಟ್ಟರೆ ಏನೂ ಉಳಿಯಲಿಲ್ಲ. ಹಕ್ಕಿಯ ಕಾಳೂ ಖಾಲಿಯಾಯಿತು. ಅದನ್ನು ಏಕೆ ಕೊಂಡೆವೆಂದು ಕೊಂಡವರು ಯಾರೂ ಇವತ್ತಿನವರೆಗೆ ವಿವರಿಸಿಲ್ಲ.

ಗುರುವಾರ ಮರ್ಲ್ ಸಮವಸ್ತ್ರ ಹಾಕಿಕೊಂಡು ಆರ್ಲೊನ ಮನೆ ಬಾಗಿಲಿಗೆ ಬಂದ. ಟೋಪಿ ಕಂಕುಳಲ್ಲಿ, ಕೈಯಲ್ಲಿ ಕಾಗದ.

"ಆರ್ಲೊ, ನಾವಿಬ್ಬರೂ ಒಟ್ಟಿಗೆ ಓದಿದೋರು. ನಂಗೂ ಇದು ಇಷ್ಟ ಇಲ್ಲ. ಆದ್ರೆ ಮನೆಯಲ್ಲಿ ಮದ್ದು ಇಂತಿಷ್ಟೇ ಇಡಬೇಕು ಅಂತ ಕಾನೂನಿದೆ. ನೀನು ಟ್ರಕ್ಕುಗಟ್ಟಲೆ ತರಿಸಿದ್ದೀಯ ಅಂತ ಸುದ್ದಿ."

"ನನ್ನ ಹತ್ರ ಒಂದು ಚಮಚ ಕೂಡ ಇಲ್ಲ ಮಾರಾಯ."

"ಇಲಿಬೋನು ಯಾತಕ್ಕೆ ತಗೊಂಡೆ ಮತ್ತೆ? ಉಗ್ರಾಣಕ್ಕೆ ತಾನೇ?"

ಲವಾನ್ ಒಳಗಿನಿಂದ ಕೂಗಿದಳು: "ಬಾ ಮರ್ಲ್, ಎಲ್ಲಾ ಕಡೆ ಹುಡುಕು. ಹುಡುಕಿದ ಮೇಲೆ ಆ ಅಟ್ಟ ಒಂದಿಷ್ಟು ಗುಡಿಸಿ ಹೋಗು!"

ಮರ್ಲ್ ಒಂದೂವರೆ ಗಂಟೆ ಹುಡುಕಿದ. ಅಟ್ಟ, ನೆಲಮಾಳಿಗೆ, ಬಟ್ಟೆ ಒಗೆಯುವ ಯಂತ್ರದ ಹಿಂದೆ, ಕೊನೆಗೆ ಹಿಟ್ಟಿನ ಡಬ್ಬಿಗೂ ಮೂಗು ಇಟ್ಟ. ಏನೂ ಸಿಗಲಿಲ್ಲ. ಲವಾನ್ ಕೊಟ್ಟ ಸೇಬಿನ ಪೈ ತಿಂದು, ಬಾಗಿಲಲ್ಲಿ ನಿಂತು ಆರ್ಲೊನ ಭುಜ ತಟ್ಟಿದ. "ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಚೆನ್ನಾಗಿ ಬಚ್ಚಿಟ್ಟಿದ್ದನ್ನ ನಾನು ನೋಡಿಲ್ಲ," ಎಂದು ಹೇಳಿ ಹೋದ.

ಇನ್ನೇನು ಬೇಕು? ಶುಕ್ರವಾರ ಬಸ್ಸು ನಿಂತ ಕಡೆಯೆಲ್ಲ ಮಕ್ಕಳ ಅಪ್ಪಂದಿರು ಟೋಪಿ ಎತ್ತಿ ಆರ್ಲೊನಿಗೆ ನಮಸ್ಕರಿಸಿದರು. ಒಬ್ಬ ಹೊಗೆಯಾಡಿಸಿದ ಮೀನು ಕೊಟ್ಟ. ಆರ್ಲೊನಿಗೆ ರಾತ್ರಿ ನಿದ್ದೆ ಹಾರಿಹೋಯಿತು. ಮರುದಿನ ಮಾವನೆದುರು ಒಂದು ಹೆಸರು ಹೇಳಬೇಕು. ಕಣ್ಣು ಮುಚ್ಚಿ ಒಂದನ್ನು ಹೇಳಿಬಿಡೋಣ, ಆರರಲ್ಲಿ ಒಂದು ಸರಿ ಇರಲೇಬೇಕಲ್ಲ ಎಂದುಕೊಂಡ.

ಶನಿವಾರ ಮಧ್ಯಾಹ್ನ ಹಾಲ್ವರನ ಮನೆಯ ಮುಂದೆ ಗಾಡಿ ನಿಲ್ಲಿಸುವಾಗಲೇ ಡ್ವೇನ್ ಓಡಿಬಂದು ಭಾವನ ತೋಳು ಹಿಡಿದು ತನ್ನ ಪಿಕಪ್ಪಿನ ಮರೆಗೆ ಎಳೆದ. ಅವನ ಮುಖ ಹೊಸ ಮದುಮಗನ ಮುಖ.

"ಭಾವ, ಕಂಡುಹಿಡಿದುಬಿಟ್ಟೆ."

"ಏನನ್ನ?"

"ನಾಟಕ ಬೇಡ. ಅವತ್ತು ಅಂಗಡಿಯಲ್ಲಿ ನೀನು ಒಂದನ್ನ ಮುಟ್ಟಲಿಲ್ಲ, ಆರನ್ನೂ ಮುಟ್ಟಿದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೀತು. ಒಂದೇ ಮದ್ದು ಅಂದ್ರೆ ಒಂದು ಡಬ್ಬಿ ಅಲ್ಲ. ಆರನ್ನೂ ಸೇರಿಸಿದ್ರೆ ಒಂದೇ ಮದ್ದು!" ಎಂದು ಸೀಟಿನ ಮೇಲಿದ್ದ ದೊಡ್ಡ ಉಪ್ಪಿನಕಾಯಿ ಬಾಟಲಿಯ ಮೇಲಿನ ಟವೆಲ್ ಸರಿಸಿದ. ಬಾಟಲಿಯ ತುಂಬ ಕಪ್ಪು ಪುಡಿ. ಅದರಲ್ಲಿ ಎಳ್ಳಿನಂಥದ್ದೂ ಇತ್ತು, ಕಡ್ಡಿಯಂಥದ್ದೂ ಇತ್ತು. "ನನ್ನ ಹತ್ರಾನೂ ಅದೇ ಆರು ಡಬ್ಬಿ ಇದ್ವಲ್ಲ, ಎಲ್ಲಾ ಸುರಿದಿದ್ದೀನಿ. ಐದು ತೋಟಾ ತುಂಬಿಸಿಯೂ ಆಯ್ತು. ಅಪ್ಪನಿಗೆ ಹೇಳೋ ಮುಂಚೆ ಊರಾಚೆ ಜಲ್ಲಿ ತೆಗೆದ ಗುಂಡಿಗೆ ಹೋಗಿ ಹಾರಿಸಿ ಬರ್ತೀನಿ."

ಆರ್ಲೊನಿಗೆ ಮದ್ದಿನ ಬಗ್ಗೆ ಏನೂ ತಿಳಿಯದು ಎಂದೆನಲ್ಲ, ಒಂದು ಮಾತ್ರ ತಿಳಿದಿತ್ತು. ಹಾಲ್ವರ್ ಗ್ಯಾರೇಜಿನ ಗೋಡೆಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಬರೆದು ಹಾಕಿದ್ದ: ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ, ಎರಡು ಮದ್ದು ಎಂದೂ ಕೂಡಬಾರದು. ಕೂಡಿಸಿದವನ ರೈಫಲ್ ಅವನ ಮುಖದ ಮೇಲೇ ಸಿಡಿಯುತ್ತದೆಂದು ಆ ಊರಿನಲ್ಲಿ ಮೊಲೆ ಬಿಟ್ಟ ಮಗುವಿಗೂ ಗೊತ್ತು. ಡ್ವೇನನಿಗೂ ಗೊತ್ತಿತ್ತು. ಆದರೆ ಊರೆಲ್ಲ ಭಾವನನ್ನು ನಂಬುವಾಗ ಒಬ್ಬ ಮನುಷ್ಯನ ಬುದ್ಧಿ ಎಷ್ಟು ದಿನ ತಾನೇ ಒಂಟಿಯಾಗಿ ನಿಂತೀತು?

"ಡ್ವೇನ್, ಅದಲ್ಲ. ದೇವರಾಣೆ ಅದಲ್ಲ. ಹಾರಿಸಬೇಡ."

"ಅದಲ್ಲದಿದ್ರೆ ಯಾವುದು? ಹೇಳು ನೋಡೋಣ."

ಆರ್ಲೊ ಬಾಯಿ ತೆರೆದ. ಕನ್ನಡಕವಿಲ್ಲದೆ ಆರರಲ್ಲಿ ಒಂದರ ಹೆಸರನ್ನೂ ಓದಿಯೇ ಇಲ್ಲವೆಂಬುದು ಆಗ ಹೊಳೆಯಿತು.

"ನೋಡಿದ್ಯಾ!" ಎಂದ ಡ್ವೇನ್. "ಮೇಜು ಕೈ ತಪ್ಪತ್ತೆ ಅಂತ ಸುಳ್ಳು ಹೇಳ್ತಿದ್ದೀಯ. ಇದೇ!" ಎಂದು ಪಿಕಪ್ಪಿನ ಬಾಗಿಲು ತೆಗೆದ.

ಆರ್ಲೊ ಅವನ ಕೈಯಿಂದ ಬೀಗದ ಕೈ ಕಸಿದುಕೊಂಡು ಓಡಿದ. ಐವತ್ತೆರಡು ವರ್ಷದ, ಎಂದೂ ಓಡದ ಮನುಷ್ಯ. ಗ್ಯಾರೇಜಿನಲ್ಲಿ ಹಾಲ್ವರ್, ಮರ್ಲ್, ಡೆಲ್ಲಾ, ಚರ್ಚಿನ ನಾಲ್ಕಾರು ಗಂಡಸರು ಮಡಚುವ ಕುರ್ಚಿಗಳಲ್ಲಿ ಕಾಫಿ ಹಿಡಿದು ಕೂತಿದ್ದರು. ಹಿಂದಿನಿಂದ ಡ್ವೇನ್ "ಹಿಡೀರಿ ಅವನ್ನ!" ಎಂದು ಬರುತ್ತಿದ್ದ. ಒಳಗೆ ಬಂದ ಆರ್ಲೊ ಏದುಸಿರಿನಲ್ಲೇ ಕೂಗಿದ:

"ಗೊತ್ತಿಲ್ಲ! ಮಾವ, ನಂಗೆ ಗೊತ್ತಿಲ್ಲ! ಯಾವ ಮದ್ದು ಅಂತ ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ. ಹಲ್ಲು ಡಾಕ್ಟರ ಹತ್ರ ಒಂದು ಪತ್ರಿಕೆ ಓದಿದೆ, ಹೆಸರಿದ್ದ ಪುಟ ಹರಿದುಹೋಗಿತ್ತು. ಅಂಗಡಿಯಲ್ಲಿ ಕನ್ನಡಕ ಇರಲಿಲ್ಲ, ಅದಕ್ಕೆ ಆರನ್ನೂ ಎತ್ತಿ ನೋಡಿದೆ. ಡ್ವೇನ್ ಆರನ್ನೂ ಕಲಸಿಬಿಟ್ಟಿದ್ದಾನೆ, ಐದು ತೋಟಾ ತುಂಬಿಸಿದ್ದಾನೆ. ಅವನ್ನ ನಿಲ್ಲಿಸಿ!"

ಕಾಫಿಯ ಲೋಟಗಳು ಗಾಳಿಯಲ್ಲೇ ನಿಂತವು. ಮೊದಲು ಎದ್ದವನು ಮರ್ಲ್, ಆದರೆ ಅವನು ಎದ್ದದ್ದು ಡ್ವೇನನಿಂದ ಎರಡು ಹೆಜ್ಜೆ ದೂರ ಸರಿಯುವುದಕ್ಕೆ.

"ಕಲಸಿದ್ಯಾ?" ಎಂದು ಹಾಲ್ವರ್ ಮಗನನ್ನು ಕೇಳಿದ. ದನಿ ಏರಿಸಲಿಲ್ಲ.

"ಭಾವ ಆರನ್ನೂ ಮುಟ್ಟಿದ್ದ ಅಪ್ಪ," ಎಂದ ಡ್ವೇನ್. ಟ್ರ್ಯಾಕ್ಟರ್ ಮಾರುವ ಆ ಬಾಯಿಂದ ಅಷ್ಟು ಸಣ್ಣ ದನಿ ಹಿಂದೆಂದೂ ಹೊರಟಿರಲಿಲ್ಲ.

ಹಾಲ್ವರ್ ಉಪ್ಪಿನಕಾಯಿ ಬಾಟಲಿ ತರಿಸಿ, ಅಂಗಳಕ್ಕೆ ಹೋಗಿ, ಹುಲ್ಲಿನ ಮೇಲೆ ಬೀಜ ಬಿತ್ತುವವನಂತೆ ತೆಳ್ಳಗೆ ಚೆಲ್ಲಿದ. ಕಲಬೆರಕೆಯಾದ ಮದ್ದಿಗೆ ಆ ಊರಿನಲ್ಲಿ ಅದೊಂದೇ ಗತಿ, ಹುಲ್ಲಿಗೆ ಅದು ಗೊಬ್ಬರ. ಐದು ತೋಟಾಗಳನ್ನೂ ಬಿಚ್ಚಿಸಿದ. ಮಗನ ಬೆನ್ನ ಮೇಲೆ ಕೈಯಿಟ್ಟ. "ಕಣ್ಣು ಉಳೀತು ನಿಂದು. ಮನೆಗೆ ಹೋಗು," ಎಂದ. ಡ್ವೇನ್ ಹೋಗುವಾಗ ಭಾವನ ಹತ್ತಿರ ನಿಂತು ಅವನ ಅಂಗಿಯ ತೋಳಿನ ಧೂಳು ಒರೆಸಿ ಹೋದ.

ಉಳಿದವರು ಮಾತ್ರ ಆರ್ಲೊನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ಹಾಗಾದ್ರೆ ನಾನು ಎರಡು ಡಬ್ಬಿ ತಗೊಂಡಿದ್ದು ಯಾತಕ್ಕೆ?" ಎಂದ ಮರ್ಲ್.

"ಹಕ್ಕಿ ಕಾಳು ವಾಪಸ್ ತಗೊಳ್ಳಲ್ಲ, ಈಗಲೇ ಹೇಳಿದ್ದೀನಿ," ಎಂದಳು ಡೆಲ್ಲಾ.

ನಕ್ಕು, ಬೈದು, ಇನ್ನೊಂದು ಸುತ್ತು ಕಾಫಿ ಕುಡಿದು ಎಲ್ಲರೂ ಹೊರಟರು. ಆರ್ಲೊನೂ ಲೋಟಗಳನ್ನು ಒಟ್ಟುಮಾಡಿ ತೊಳೆಯಲು ಒಳಕ್ಕೆ ಹೊರಟ. ಮೇಜು ಹೋಯಿತು, ಮಾನವೂ ಹೋಯಿತು, ಇನ್ನು ಪಾತ್ರೆಯಾದರೂ ಇದೆಯಲ್ಲ ಎಂದು ಅವನಿಗೆ ಅಳು ಬರುವ ಹಾಗಾಗಿತ್ತು.

"ಅದನ್ನ ಅಲ್ಲಿಡು," ಎಂದ ಹಾಲ್ವರ್. "ಬಾಗಿಲು ಹಾಕಿ ಬಾ."

ಆರ್ಲೊ ಬಾಗಿಲು ಹಾಕಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

"ಈ ಗ್ಯಾರೇಜಿಗೆ ನಲವತ್ತು ವರ್ಷದಿಂದ ಗಂಡಸರು ಬಂದು ಕೂತು ಮದ್ದಿನ ಮಾತಾಡಿದ್ದಾರೆ," ಎಂದ ಮುದುಕ. "ಗೊತ್ತಿಲ್ಲ ಅಂತ ಇಲ್ಲಿ ನಿಂತು ಹೇಳಿದೋನು ನೀನೊಬ್ಬನೇ. ನಾನೂ ಹೇಳಿಲ್ಲ." ಪ್ರೆಸ್ಸಿನ ಹಿಡಿ ಸವರಿದ. "ಎರಡು ವರ್ಷ ಆಯ್ತು, ತಕ್ಕಡಿ ಮುಳ್ಳು ನನ್ನ ಕಣ್ಣಿಗೆ ಕಾಣ್ತಿಲ್ಲ."

"ಆದ್ರೆ ಹೋದ ವರ್ಷ ನೀವು ತುಂಬಿಸಿದ ತೋಟಾ..."

"ತುಂಬಿಸಲಿಲ್ಲ. ದೂರದ ಊರಿಗೆ ಹೋಗಿ ಅಂಗಡಿಯಿಂದ ಕೊಂಡು ತಂದೆ. ರಟ್ಟಿನ ಡಬ್ಬಿ ಸುಟ್ಟುಹಾಕಿ, ನನ್ನ ಹಳೇ ಡಬ್ಬಿಗೆ ಹಾಕಿ ಕೊಟ್ಟೆ. ಡ್ವೇನ್ ಒಂದು ಹಾರಿಸಿ, 'ಅಪ್ಪನ ಕೈಯ ತೋಟಾಕ್ಕೆ ಅಂಗಡಿ ತೋಟಾ ಸಮ ಬರಲ್ಲ' ಅಂದ. ನಾನು ಹೌದಪ್ಪ ಅಂದೆ."

ಆರ್ಲೊನಿಗೆ ನಗು ಬಂತು, ಆದರೆ ಮುದುಕ ತಕ್ಕಡಿಯ ಮುಳ್ಳನ್ನು ಬೆರಳಿನಲ್ಲಿ ತಡವುತ್ತಿರುವುದು ಕಂಡು ನುಂಗಿಕೊಂಡ.

"ಯಾರಿಗೂ ಹೇಳಲ್ಲ ಮಾವ."

"ಹೇಳಿದ್ರೂ ನಿನ್ನ ಮಾತು ಇನ್ನು ಯಾರು ನಂಬ್ತಾರೆ?" ಎಂದ ಹಾಲ್ವರ್. "ನಂಗೆ ತಲೆಯಿದೆ, ಕಣ್ಣಿಲ್ಲ. ನಿಂಗೆ ಕಣ್ಣಿದೆ. ಇಬ್ಬರೂ ಸೇರಿದ್ರೆ ಒಬ್ಬ ಮನುಷ್ಯ ಆಗಬಹುದು. ಕೂರು. ಮೇಜು ನಿಂದು."

ಆರ್ಲೊ ಟೋಪಿ ತೆಗೆದು ಕೂತ. ಕೈಗೆ ಹಿಡಿದದ್ದು ಪ್ರೆಸ್ಸಿನ ಹಿಡಿ, ಒರೆಸುವ ಬಟ್ಟೆಯಲ್ಲ. ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟ: "ಮಾವ, ಆ ಒಂದೇ ಮದ್ದು ಅನ್ನೋದು ಇದೆಯಾ?"

"ಇದೆ." ಹಾಲ್ವರ್ ಕಪಾಟಿನಿಂದ ಒಂದೇ ಒಂದು ಡಬ್ಬಿ ತೆಗೆದಿಟ್ಟ. "ಬೇಗಾನೂ ಅಲ್ಲ, ನಿಧಾನಾನೂ ಅಲ್ಲ, ನಡೂಮಧ್ಯದ್ದು. ಕಣ್ಣು ಕಾಣೋವರೆಗೂ ನಾಲ್ಕು ರೈಫಲ್ಲಿಗೂ ಇದನ್ನೇ ಹಾಕಿದ್ದೀನಿ. ಯಾವುದಕ್ಕೂ ಅತ್ಯುತ್ತಮ ಅಲ್ಲ, ಯಾವುದೂ ಬೇಡ ಅನ್ನಲ್ಲ. ಮನೆ ಅಳಿಯನ ಹಾಗೆ."

ಆಮೇಲೆ ಆರ್ಲೊನಿಗೆ ಕನ್ನಡಕ ಹಾಕಿಸಿ, ಮದ್ದಿನ ಪುಸ್ತಕ ತೆರೆಸಿ, ಅಳತೆಯನ್ನು ಆರ್ಲೊನ ಬಾಯಿಂದ ಮೂರು ಸಲ ಓದಿಸಿದ. ಅಷ್ಟು ಮದ್ದನ್ನು ತಕ್ಕಡಿಯ ಬಟ್ಟಲಿಗೆ ಸುರಿದು, ಮುಳ್ಳು ನೋಡಿ ಆರ್ಲೊ ಗಟ್ಟಿಯಾಗಿ ಓದಿದ. "ಮತ್ತೆ ಓದು," ಎಂದ ಮುದುಕ. ಮತ್ತೆ ಓದಿದ. "ಮತ್ತೆ." ಮತ್ತೆ ಓದಿದ. ಮೂರನೇ ಸಲಕ್ಕೆ ಹಾಲ್ವರ್ ತಲೆಯಾಡಿಸಿದ. ಆರ್ಲೊ ಚಿಪ್ಪು ಎತ್ತಿಕೊಂಡ, ಗುಂಡು ಕೂರಿಸಿದ, ಪ್ರೆಸ್ಸಿನ ಹಿಡಿ ಎಳೆದ. ಎಷ್ಟು ಹದವಾಗಿ ಎಳೆದ ಎಂದರೆ ಮೂವತ್ತು ವರ್ಷ ಬಸ್ಸಿನ ಬಾಗಿಲು ತೆಗೆದು ಹಾಕಿದ ಕೈ ಸಾರ್ಥಕವಾಯಿತು. ಫಳಫಳ ಹೊಳೆಯುವ ತೋಟಾ ಹೊರಬಂತು. ಅವನ ಜೀವನದ ಮೊದಲ ತೋಟಾ. ಎರಡೂ ಕೈಯಲ್ಲಿ ಹಿಡಿದು ಮಾವನಿಗೆ ಒಪ್ಪಿಸಿದ.

ಹಾಲ್ವರ್ ಅದನ್ನು ಬೆರಳಿನಲ್ಲಿ ಉರುಳಿಸಿದ, ಅಂಗೈಯಲ್ಲಿ ತೂಗಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಇನ್ನೊಂದು ಕಿವಿಯ ಹತ್ತಿರ ಹಿಡಿದು ಮತ್ತೆ ಅಲ್ಲಾಡಿಸಿದ. ತಕ್ಕಡಿಯ ಬಟ್ಟಲಿಗೆ ಕೈ ಚಾಚಿ ತಡವಿದ. ತೂಗಿಟ್ಟ ಮದ್ದು ಅಲ್ಲೇ, ಒಂದು ಕಣವೂ ಅಲುಗದೆ ಕೂತಿತ್ತು.

"ಆರ್ಲೊ," ಎಂದ ಮುದುಕ ನಿಧಾನವಾಗಿ. "ಯಾವ ಮದ್ದು, ಯಾವ ಮದ್ದು ಅಂತ ವಾರದಿಂದ ಊರಿಗೆ ಊರೇ ಕೇಳ್ತಲ್ಲಯ್ಯಾ. ಅದನ್ನ ಒಳಗೆ ಹಾಕಬೇಕು ಅಂತ ನಿಂಗೆ ಒಬ್ಬರೂ ಹೇಳ್ಲಿಲ್ವಾ?"